ಎಸಿಎಲ್ ಶಸ್ತ್ರಚಿಕಿತ್ಸೆಯಾದ ಮಂಡಿ ಇಪ್ಪತ್ತು ವರ್ಷಗಳ ಮೇಲೆ ಹೇಗಿರುತ್ತದೆ?

ಮೊಣಕಾಲಿನ ಎಸಿಎಲ್ ಎಂಬ ರಜ್ಜು ಹರಿದಿದೆ ಎಂಬ ಎಂಆರ್‌ಐ ವರದಿ ಹಿಡಿದು ವೈದ್ಯರ ಮುಂದೆ ಕುಳಿತವರು ಸಾಮಾನ್ಯವಾಗಿ ಎರಡು ವಿಷಯ ಕೇಳುತ್ತಾರೆ: ಆಪರೇಷನ್ ಮಾಡಿಸಲೇಬೇಕೆ, ಮಾಡಿಸಿದರೆ ಎಷ್ಟು ತಿಂಗಳಿಗೆ ಮೊದಲಿನಂತೆ ಓಡಾಡಬಹುದು. ಎರಡೂ ಸಹಜವಾದ ಪ್ರಶ್ನೆಗಳೇ. ಆದರೆ ಈ ಗಾಯ ಹೆಚ್ಚಾಗಿ ಆಗುವುದು ಹದಿಹರೆಯದವರಿಗೆ ಮತ್ತು ಇಪ್ಪತ್ತರ ಆಸುಪಾಸಿನವರಿಗೆ. ಅವರು ಅದೇ ಮಂಡಿಯ ಮೇಲೆ ಇನ್ನೂ ನಲವತ್ತು ಐವತ್ತು ವರ್ಷ ನಡೆಯಬೇಕು, ಮೆಟ್ಟಿಲು ಹತ್ತಬೇಕು, ನೆಲದ ಮೇಲೆ ಕುಳಿತು ಏಳಬೇಕು. ಹಾಗಾಗಿ ಹತ್ತು, ಹದಿನೈದು, ಇಪ್ಪತ್ತು ವರ್ಷಗಳ ನಂತರ ಆ ಮಂಡಿ ಏನಾಗಿರುತ್ತದೆ ಎಂಬುದು ಮೊದಲ ದಿನವೇ ಕೇಳಬೇಕಾದ ಪ್ರಶ್ನೆ. ಇದಕ್ಕೆ ವೈದ್ಯಲೋಕದ ಬಳಿ ಈಗ ಸಾಕಷ್ಟು ದೀರ್ಘಾವಧಿಯ ದಾಖಲೆಗಳಿವೆ. ಅವು ಹೇಳುವುದರಲ್ಲಿ ಒಳ್ಳೆಯ ಸುದ್ದಿಯೂ ಇದೆ, ಆಸ್ಪತ್ರೆಯ ಕರಪತ್ರದಲ್ಲಿ ಸಿಗದ ಸುದ್ದಿಯೂ ಇದೆ.

ಎಸಿಎಲ್ ಎಂದರೆ ಮೊಣಕಾಲಿನ ಕೀಲಿನ ನಡುವೆ ತೊಡೆಮೂಳೆಯನ್ನೂ ಕಣಕಾಲ ಮೂಳೆಯನ್ನೂ ಓರೆಯಾಗಿ ಬಿಗಿಯುವ ಗಟ್ಟಿ ಅಸ್ಥಿರಜ್ಜು. ಇದರ ಉದ್ದ ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಕಣಕಾಲ ಮೂಳೆ ಮುಂದಕ್ಕೆ ಜಾರದಂತೆ ತಡೆಯುವುದು ಇದರ ಮೊದಲ ಕೆಲಸ. ಓಡುತ್ತಾ ಓಡುತ್ತಾ ಥಟ್ಟನೆ ದಿಕ್ಕು ಬದಲಿಸುವಾಗ ಮಂಡಿ ತಿರುಚಿಕೊಳ್ಳದಂತೆ ಹಿಡಿಯುವುದು ಎರಡನೆಯದು. ಕಬಡ್ಡಿಯ ರೈಡರ್ ಗೆರೆಯ ಕಡೆಗೆ ಹೊರಳುವಾಗ, ಫುಟ್‌ಬಾಲ್ ಆಟಗಾರ ಎದುರಾಳಿಯನ್ನು ತಪ್ಪಿಸಲು ಪಾದ ಊರಿ ಮೈ ತಿರುಗಿಸುವಾಗ, ಯಾರೂ ಮುಟ್ಟದಿದ್ದರೂ ಈ ರಜ್ಜು ಹರಿಯಬಹುದು. ನಮ್ಮಲ್ಲಿ ಆಟದ ಅಂಗಳದಷ್ಟೇ ದ್ವಿಚಕ್ರ ವಾಹನದ ಬೀಳುವಿಕೆಯಿಂದಲೂ ಇದು ಹರಿಯುತ್ತದೆ. ಹರಿದ ಕ್ಷಣ ಒಳಗೆ ಏನೋ 'ಟಪ್' ಎಂದಂತಾಯಿತು ಎಂದು ಅನೇಕರು ಹೇಳುತ್ತಾರೆ. ಕೆಲವು ಗಂಟೆಗಳಲ್ಲೇ ಮಂಡಿ ಊದಿಕೊಳ್ಳುತ್ತದೆ. ಊತವಿಳಿದ ಮೇಲೆ ನೇರ ರಸ್ತೆಯಲ್ಲಿ ನಡೆಯಲು ತೊಂದರೆ ಇರುವುದಿಲ್ಲ, ಆದರೆ ತಿರುಗುವಾಗ, ಇಳಿಜಾರಿನಲ್ಲಿ, ಬಸ್ಸಿನಿಂದ ಇಳಿಯುವಾಗ ಮಂಡಿ ಇದ್ದಕ್ಕಿದ್ದಂತೆ ಕೈಕೊಡುತ್ತದೆ.

ಹರಿದದ್ದನ್ನು ಹೊಲಿದರೆ ಸಾಲದೆ?

ಮೊದಲಿಗೆ ವೈದ್ಯರು ಮಾಡಿದ್ದೂ ಅದನ್ನೇ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಮೇಯೊ ರಾಬ್ಸನ್ ಎಂಬ ಶಸ್ತ್ರವೈದ್ಯರು 1895ರಲ್ಲೇ ಗಣಿ ಕಾರ್ಮಿಕನೊಬ್ಬನ ಹರಿದ ರಜ್ಜುಗಳನ್ನು ಹೊಲಿದಿದ್ದರು. ಮುಂದೆ ಇಪ್ಪತ್ತನೇ ಶತಮಾನದ ಎಪ್ಪತ್ತರ ದಶಕದವರೆಗೂ ಹೊಲಿಗೆಯ ವಿಧಾನ ಬಳಕೆಯಲ್ಲಿತ್ತು. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಎಸಿಎಲ್ ಹರಿದ ತರುಣ ಕೆಡೆಟ್‌ಗಳಿಗೆ ಹೀಗೆ ಹೊಲಿಗೆ ಹಾಕಲಾಯಿತು. ಆರಂಭದ ಎರಡು ವರ್ಷ ಎಲ್ಲವೂ ಚೆನ್ನಾಗಿದ್ದಂತೆ ಕಂಡಿತು. ಐದು ವರ್ಷ ತುಂಬಿದ ಮೇಲೆ ಅದೇ ಕೆಡೆಟ್‌ಗಳನ್ನು ಮತ್ತೆ ಪರೀಕ್ಷಿಸಿದಾಗ ಅರ್ಧಕ್ಕೂ ಹೆಚ್ಚು ಮಂದಿಗೆ ಅದೇ ಮಂಡಿಗೆ ಮತ್ತೆ ಗಾಯವಾಗಿತ್ತು, ಬಹುಪಾಲು ಮಂದಿಗೆ ಮಂಡಿ ಸಡಿಲವಾಗಿತ್ತು. ಫೇಗಿನ್ ಮತ್ತು ಕರ್ಲ್ ಎಂಬ ವೈದ್ಯರು 1976ರಲ್ಲಿ ಪ್ರಕಟಿಸಿದ ಈ ಫಲಿತಾಂಶ ಬರಿಯ ಹೊಲಿಗೆಯ ಕಾಲಕ್ಕೆ ಬಹುಮಟ್ಟಿಗೆ ತೆರೆ ಎಳೆಯಿತು. ಈ ಕ್ಷೇತ್ರದಲ್ಲಿ ಎರಡು ವರ್ಷದ ಫಲಿತಾಂಶವನ್ನು ನಂಬಿ ಕುಣಿಯಬಾರದು ಎಂಬ ಎಚ್ಚರವನ್ನೂ ಕಲಿಸಿತು. ಈ ಲೇಖನದ ಉದ್ದಕ್ಕೂ ಅಂಕಿಸಂಖ್ಯೆಗಳ ಪಕ್ಕದಲ್ಲಿ ಎಷ್ಟು ವರ್ಷಗಳ ನಂತರದ್ದು ಎಂದು ಹೇಳುತ್ತಾ ಹೋಗುವುದು ಅದೇ ಕಾರಣಕ್ಕೆ.

ಹೊಲಿಗೆ ನಿಲ್ಲದಿರಲು ಜೈವಿಕ ಕಾರಣವಿದೆ. ಚರ್ಮ ಕುಯ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪಿನ ಮೇಲೆಯೇ ಹೊಸ ಅಂಗಾಂಶ ಬೆಳೆಯುತ್ತದೆ. ಎಸಿಎಲ್ ಇರುವುದು ಕೀಲಿನ ದ್ರವದ ಮಧ್ಯೆ; ಹರಿದ ತುದಿಗಳ ನಡುವೆ ಹೆಪ್ಪು ನಿಲ್ಲದೆ ಕರಗಿಹೋಗುತ್ತದೆ, ತುದಿಗಳು ಸೇರಲು ಸೇತುವೆಯೇ ಇರುವುದಿಲ್ಲ. ಆದ್ದರಿಂದ ಈಗ ಪ್ರಚಲಿತವಿರುವುದು ಹರಿದ ರಜ್ಜುವಿನ ಜಾಗದಲ್ಲಿ ಹೊಸದೊಂದನ್ನು (ಇದನ್ನು ಗ್ರಾಫ್ಟ್ ಎನ್ನುತ್ತಾರೆ) ಕೂರಿಸುವ ಪುನರ್ನಿರ್ಮಾಣ. ಎಂಬತ್ತರ ದಶಕದಲ್ಲಿ ಗೋರ್‌ಟೆಕ್ಸ್, ಡೇಕ್ರಾನ್‌ನಂಥ ಕೃತಕ ನೂಲಿನ ರಜ್ಜುಗಳನ್ನೂ ಕೂರಿಸಿ ನೋಡಿದರು. ಅವು ಕೆಲವೇ ವರ್ಷಗಳಲ್ಲಿ ಸವೆದು ಹರಿದವು, ಉದುರಿದ ಪುಡಿಯಿಂದ ಕೀಲು ಊದಿಕೊಂಡಿತು. ಹೀಗೆ ರೋಗಿಯ ಸ್ವಂತ ಸ್ನಾಯುರಜ್ಜುವೇ ಮುಖ್ಯ ಸಾಮಗ್ರಿಯಾಗಿ ಉಳಿಯಿತು.

ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಮುಂದಿನ ಮಾತು ಸುಲಭವಾಗುತ್ತದೆ. ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್ ಎಂದಾದರೆ ಮಂಡಿಯ ಕೆಳಗೆ ಒಳಬದಿಯಲ್ಲಿ ಎರಡು ಮೂರು ಸೆಂಟಿಮೀಟರ್ ಕುಯ್ದು, ತೊಡೆಯ ಹಿಂಭಾಗದ ಸ್ನಾಯುಗಳಿಂದ ಬರುವ ಒಂದು ಅಥವಾ ಎರಡು ಉದ್ದನೆಯ ರಜ್ಜುಗಳನ್ನು ಕೊಳವೆಯಂಥ ಉಪಕರಣದಿಂದ ಬಿಡಿಸಿ ಹೊರತೆಗೆಯುತ್ತಾರೆ. ಪಕ್ಕದ ಮೇಜಿನ ಮೇಲೆ ಅಂಟಿಕೊಂಡಿರುವ ಮಾಂಸವನ್ನು ಕೆರೆದು, ರಜ್ಜುವನ್ನು ನಾಲ್ಕು ಎಳೆಯಾಗಿ ಮಡಿಚಿ, ತುದಿಗಳನ್ನು ದಾರದಿಂದ ಹೊಲಿದು, ಅಳತೆಯ ರಂಧ್ರಗಳಿರುವ ಪಟ್ಟಿಯಲ್ಲಿ ತೂರಿಸಿ ದಪ್ಪ ನೋಡುತ್ತಾರೆ. ಎಂಟು ಮಿಲಿಮೀಟರಿಗಿಂತ ತೆಳುವಾದರೆ, ಅದರಲ್ಲೂ ಎಳೆಯ ವಯಸ್ಸಿನವರಲ್ಲಿ, ಮತ್ತೆ ಹರಿಯುವ ಸಂಭವ ಹೆಚ್ಚು. ಅಷ್ಟರಲ್ಲಿ ಆರ್ತ್ರೋಸ್ಕೋಪ್ ಎಂಬ ಸಣ್ಣ ಕ್ಯಾಮೆರಾದ ನೋಟದಲ್ಲಿ ಎರಡೂ ಮೂಳೆಗಳಲ್ಲಿ ಸುರಂಗ ಕೊರೆದಿರುತ್ತಾರೆ. ಗ್ರಾಫ್ಟನ್ನು ಅದರೊಳಗೆ ಎಳೆದು, ಮೇಲೆ ಪುಟ್ಟ ಲೋಹದ ಗುಂಡಿಯಿಂದ, ಕೆಳಗೆ ಸ್ಕ್ರೂನಿಂದ ಬಿಗಿಯುತ್ತಾರೆ. ಈ ಸುರಂಗ ಮೂಲ ಎಸಿಎಲ್ ಅಂಟಿಕೊಂಡಿದ್ದ ಜಾಗದಲ್ಲೇ ಬರಬೇಕು. ಕೆಲವೇ ಮಿಲಿಮೀಟರ್ ಆಚೀಚೆಯಾದರೂ ಗ್ರಾಫ್ಟ್ ಮಡಚುವಾಗ ಬಿಗಿದು, ಚಾಚುವಾಗ ಸಡಿಲವಾಗುವ ಅಥವಾ ಅದಕ್ಕೆ ತಿರುವುಮುರುವಾಗುವ ಅಪಾಯವಿದೆ. ವರ್ಷಗಳ ನಂತರ ವಿಫಲವಾದ ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿದಾಗ ಪದೇಪದೇ ಕಾಣಸಿಗುವ ತಾಂತ್ರಿಕ ದೋಷ ಇದೇ.

ಮಂಡಿಚಿಪ್ಪಿನ ಕೆಳಗಿನ ರಜ್ಜುವಿನ ನಡುಭಾಗವನ್ನು ಎರಡೂ ತುದಿಗಳ ಮೂಳೆಯ ತುಂಡಿನೊಂದಿಗೆ ತೆಗೆದು ಬಳಸುವುದು ಇನ್ನೊಂದು ಹಳೆಯ, ಗಟ್ಟಿಯಾದ ವಿಧಾನ. ಚಿಪ್ಪಿನ ಮೇಲಿನ ಕ್ವಾಡ್ರಿಸೆಪ್ಸ್ ರಜ್ಜುವಿನ ಬಳಕೆಯೂ ಹೆಚ್ಚುತ್ತಿದೆ. ನಾರ್ವೆ 2004ರಿಂದ, ಸ್ವೀಡನ್ ಮತ್ತು ಡೆನ್ಮಾರ್ಕ್ 2005ರಿಂದ ತಮ್ಮ ದೇಶದ ಎಸಿಎಲ್ ಶಸ್ತ್ರಚಿಕಿತ್ಸೆಗಳನ್ನು ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸುತ್ತಾ ಬಂದಿವೆ. ಈ ದಾಖಲೆಗಳ ಪ್ರಕಾರ ಮಂಡಿಚಿಪ್ಪಿನ ರಜ್ಜುವಿಗಿಂತ ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್ ಪಡೆದವರಿಗೆ ಮರುಶಸ್ತ್ರಚಿಕಿತ್ಸೆ ಸ್ವಲ್ಪ ಹೆಚ್ಚು ಬೇಕಾಗಿದೆ. ಅದಕ್ಕೆ ಪ್ರತಿಯಾಗಿ ಮಂಡಿಚಿಪ್ಪಿನ ರಜ್ಜು ತೆಗೆಸಿದವರಿಗೆ ಮಂಡಿಯೂರಿ ಕುಳಿತಾಗ ನೋವು ವರ್ಷಾನುಗಟ್ಟಲೆ ಉಳಿಯುವುದುಂಟು. ವಜ್ರಾಸನ ಹಾಕುವವರು, ನಮಾಜು ಮಾಡುವವರು, ಹೊಲದಲ್ಲಿ ಮಂಡಿಯೂರಿ ಕಳೆ ಕೀಳುವವರು ಇದನ್ನು ಮೊದಲೇ ವೈದ್ಯರೊಡನೆ ಮಾತನಾಡಿಕೊಳ್ಳಬೇಕು. ಇತ್ತ ಹ್ಯಾಮ್‌ಸ್ಟ್ರಿಂಗ್ ತೆಗೆದರೆ ಕಾಲನ್ನು ಪೂರ್ತಿ ಮಡಚಿ ಎಳೆಯುವ ಬಲ ಕೊಂಚ ತಗ್ಗುತ್ತದೆ. ಪಶ್ಚಿಮದ ಅಧ್ಯಯನಗಳಲ್ಲಿ ಇವು ಸಣ್ಣ ವಿಷಯಗಳಂತೆ ಕಾಣುತ್ತವೆ, ಏಕೆಂದರೆ ಅಲ್ಲಿನವರು ಕುಕ್ಕರುಗಾಲಲ್ಲಿ ಕೂರುವುದೇ ಅಪರೂಪ.

ಗ್ರಾಫ್ಟ್ ರಜ್ಜುವಾಗುವ ಕಾಲ

ಕೂರಿಸಿದ ದಿನದಿಂದಲೇ ಗ್ರಾಫ್ಟ್ ಗಟ್ಟಿಯಾಗುತ್ತಾ ಹೋಗುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ನಡೆಯುವುದು ಅದರ ವಿರುದ್ಧ. ರಕ್ತನಾಳಗಳಿಂದ ಕಡಿದು ತಂದ ರಜ್ಜುವಿನ ಜೀವಕೋಶಗಳು ಮೊದಲ ವಾರಗಳಲ್ಲಿ ಸಾಯುತ್ತವೆ. ಬಳಿಕ ಸುತ್ತಲಿನ ಪೊರೆಯಿಂದ ಹೊಸ ರಕ್ತನಾಳಗಳು ಒಳನುಗ್ಗಿ, ಹೊಸ ಕೋಶಗಳು ಸೇರಿಕೊಂಡು, ಹಳೆಯ ಎಳೆಗಳನ್ನು ಕಿತ್ತು ಹೊಸ ಎಳೆಗಳನ್ನು ನೇಯತೊಡಗುತ್ತವೆ. ಈ ಕಿತ್ತು ಕಟ್ಟುವ ಕೆಲಸದ ನಡುವೆ, ಸುಮಾರು ಆರರಿಂದ ಹನ್ನೆರಡನೆಯ ವಾರದ ಹೊತ್ತಿಗೆ, ಗ್ರಾಫ್ಟ್ ತನ್ನ ಅತ್ಯಂತ ದುರ್ಬಲ ಸ್ಥಿತಿಯಲ್ಲಿರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ರೋಗಿಗೆ ನೋವು ಇರುವುದಿಲ್ಲ, ಊತ ಇಳಿದಿರುತ್ತದೆ, ಊರುಗೋಲು ಮೂಲೆ ಸೇರಿರುತ್ತದೆ, ಮಂಡಿ ವಾಸಿಯಾಯಿತೆಂಬ ಧೈರ್ಯ ಬಂದಿರುತ್ತದೆ. ಪೂರ್ಣ ರೂಪಾಂತರಕ್ಕೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ.

ಆಟಕ್ಕೆ ಮರಳಲು ಒಂಬತ್ತು ತಿಂಗಳು ಎಂಬ ಗಡುವು ಬಂದದ್ದು ಇಂಥ ಜೀವಶಾಸ್ತ್ರದಿಂದ ಮಾತ್ರವಲ್ಲ, ಎಣಿಕೆಯಿಂದಲೂ. ನಾರ್ವೆಯ ಓಸ್ಲೊ ಮತ್ತು ಅಮೆರಿಕದ ಡೆಲವೇರ್‌ನ ಸಂಶೋಧಕರು 106 ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮರುಗಾಯದ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯುತ್ತಾ ಹೋಗಿತ್ತು. ತೊಡೆಯ ಬಲ, ಒಂಟಿಗಾಲಿನ ಜಿಗಿತ ಮುಂತಾದ ಪರೀಕ್ಷೆಗಳಲ್ಲಿ ಪಾಸಾಗದೆ ಆಟಕ್ಕೆ ಇಳಿದವರಲ್ಲಿ ಶೇ 38.2 ಮಂದಿಗೆ ಮತ್ತೆ ಗಾಯವಾಗಿದ್ದರೆ, ಪಾಸಾದವರಲ್ಲಿ ಅದು ಶೇ 5.6 ಮಾತ್ರ. ಸಣ್ಣ ಅಧ್ಯಯನವೇ, ಆದರೆ ಅಂತರ ಸಣ್ಣದಲ್ಲ.

ಒಂಟಿಗಾಲಿನ ಜಿಗಿತದ ಪರೀಕ್ಷೆ ನೋಡಲು ಮಕ್ಕಳ ಆಟದಂತಿರುತ್ತದೆ. ನೆಲದ ಮೇಲೆ ಟೇಪು ಹಾಸಿ, ಒಳ್ಳೆಯ ಕಾಲಿನಲ್ಲಿ ಎಷ್ಟು ದೂರ ಹಾರಿ ಅಲುಗಾಡದೆ ನಿಲ್ಲುತ್ತೀರಿ, ಆಪರೇಷನ್ ಆದ ಕಾಲಿನಲ್ಲಿ ಎಷ್ಟು ಎಂದು ಅಳೆಯುತ್ತಾರೆ. ಎರಡನೆಯದು ಮೊದಲನೆಯದರ ಶೇ 90 ಮುಟ್ಟಬೇಕು ಎಂಬುದು ವಾಡಿಕೆ. ಇದರಲ್ಲೊಂದು ಮೋಸವಿದೆ: ತಿಂಗಳುಗಟ್ಟಲೆ ಓಟವಿಲ್ಲದೆ ಒಳ್ಳೆಯ ಕಾಲೂ ಸೊರಗಿರುತ್ತದೆ. ಸೊರಗಿದ ಕಾಲಿನ ಶೇ 90 ಎಂದರೆ ಗಾಯಕ್ಕೆ ಮುಂಚಿನ ಬಲದ ಶೇ 90 ಅಲ್ಲ. ಅಲ್ಲದೆ ರೋಗಿ ಮಂಡಿಯನ್ನು ಬಳಸದೆ ಸೊಂಟ ಮತ್ತು ಹಿಮ್ಮಡಿಯ ಬಲದಿಂದಲೇ ದೂರ ಹಾರಿ ಅಂಕ ಗಳಿಸಬಲ್ಲ. ಒಳ್ಳೆಯ ಫಿಸಿಯೋಥೆರಪಿಸ್ಟರು ಎಷ್ಟು ದೂರ ಹಾರಿದಿರಿ ಎಂಬುದಕ್ಕಿಂತ ಹೇಗೆ ನೆಲಕ್ಕಿಳಿದಿರಿ ಎಂಬುದನ್ನು ನೋಡುತ್ತಾರೆ.

ಇಲ್ಲೊಂದು ಆಕ್ಷೇಪ ಬರಬಹುದು. ಆರ್‌ಸಿಬಿ ಮಹಿಳಾ ತಂಡದ ನಾಯಕಿಯಾಗಿ ಇಲ್ಲಿನವರಿಗೆ ಚಿರಪರಿಚಿತರಾದ ಸ್ಮೃತಿ ಮಂಧಾನ 2017ರ ಜನವರಿಯಲ್ಲಿ ಆಸ್ಟ್ರೇಲಿಯದಲ್ಲಿ ಆಡುತ್ತಿದ್ದಾಗ ಎಸಿಎಲ್ ಹರಿದುಕೊಂಡು, ಅದೇ ಜೂನ್ ಕೊನೆಗೆ ಇಂಗ್ಲೆಂಡಿನಲ್ಲಿ ವಿಶ್ವಕಪ್‌ಗೆ ಮರಳಿ, ಮೊದಲ ಪಂದ್ಯದಲ್ಲಿ 90, ಎರಡನೆಯದರಲ್ಲಿ ಅಜೇಯ 106 ರನ್ ಹೊಡೆದರಲ್ಲ? ಹೌದು. ಆದರೆ ಅವರದು ಇಡೀ ದಿನ ಮಂಡಿಯ ಆರೈಕೆಗೇ ಮೀಸಲಾಗಿದ್ದ ವೃತ್ತಿಪರರೊಬ್ಬರ ಮರಳುವಿಕೆ. ಬ್ಯಾಟರ್‌ಗೆ ಬೇಕಾದ ಓಟಕ್ಕೂ ಕಬಡ್ಡಿ, ಫುಟ್‌ಬಾಲಿನಲ್ಲಿ ನಿಮಿಷಕ್ಕೆ ಹತ್ತು ಸಲ ದಿಕ್ಕು ಬದಲಿಸುವ ಓಟಕ್ಕೂ ವ್ಯತ್ಯಾಸವಿದೆ. ಒಬ್ಬರಿಗೆ ದಕ್ಕಿದ್ದನ್ನು ಕಾಲೇಜು ತಂಡದ ಹುಡುಗ ತನ್ನ ಗಡುವಾಗಿ ಹಿಡಿಯುವಂತಿಲ್ಲ.

ಎಷ್ಟು ಮಂದಿ ಮರಳುತ್ತಾರೆ, ಎಷ್ಟು ಮಂದಿಗೆ ಮತ್ತೆ ಹರಿಯುತ್ತದೆ

ಏಳು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ 69 ವರದಿಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯೊಂದು ಈ ಬಗ್ಗೆ ಸ್ಪಷ್ಟ ಚಿತ್ರ ಕೊಡುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಶೇ 81 ಮಂದಿ ಯಾವುದಾದರೊಂದು ಆಟಕ್ಕೆ ಮರಳಿದ್ದರು. ಗಾಯಕ್ಕೆ ಮುಂಚಿನ ಮಟ್ಟಕ್ಕೆ ಮರಳಿದವರು ಶೇ 65. ಸ್ಪರ್ಧಾತ್ಮಕ ಆಟಕ್ಕೆ ಮರಳಿದವರು ಶೇ 55. ಮರಳದವರೆಲ್ಲರ ಮಂಡಿ ಸಡಿಲವಾಗಿತ್ತು ಎಂದೇನಲ್ಲ. ಪರೀಕ್ಷೆಯಲ್ಲಿ ಗಟ್ಟಿಯಾಗಿರುವ ಮಂಡಿಯುಳ್ಳವರೂ ಮತ್ತೆ ಹರಿದೀತೆಂಬ ಭಯದಿಂದ ಹಿಂದೆ ಸರಿಯುತ್ತಾರೆ. ಓದು, ಕೆಲಸ, ಮದುವೆ ಎಂದು ಬದುಕು ಬೇರೆ ಕಡೆ ಎಳೆಯುತ್ತದೆ. ಅಮೆರಿಕದಲ್ಲಿ ಮೂನ್ ಎಂಬ ಬಹುಕೇಂದ್ರ ಗುಂಪು ರೋಗಿಗಳನ್ನು ಹತ್ತು ವರ್ಷ ಹಿಂಬಾಲಿಸಿದಾಗಲೂ ಇದೇ ಕಂಡಿತು: ಎರಡನೆಯ ವರ್ಷದಲ್ಲಿ ಮಂಡಿ ಎಷ್ಟು ಚೆನ್ನಾಗಿದೆ ಎಂದು ರೋಗಿಗಳು ಹೇಳಿದ್ದರೋ ಹತ್ತನೆಯ ವರ್ಷದಲ್ಲೂ ಹೆಚ್ಚುಕಡಿಮೆ ಹಾಗೆಯೇ ಹೇಳಿದರು, ಆದರೆ ಅವರ ಆಟೋಟ ಇಳಿಯುತ್ತಾ ಬಂದಿತ್ತು. ದಿನನಿತ್ಯದ ಬದುಕಿನ ಮಟ್ಟಿಗೆ ಈ ಶಸ್ತ್ರಚಿಕಿತ್ಸೆ ಬಾಳುತ್ತದೆ ಎಂಬುದಕ್ಕೆ ಇದು ಒಳ್ಳೆಯ ಪುರಾವೆ.

ಮತ್ತೆ ಹರಿಯುವ ಮಾತಿಗೆ ಬಂದರೆ ವಯಸ್ಸಿನಷ್ಟು ನಿರ್ಣಾಯಕವಾದದ್ದು ಬೇರೊಂದಿಲ್ಲ. ಹಲವು ಅಧ್ಯಯನಗಳನ್ನು ಸೇರಿಸಿ ಲೆಕ್ಕಹಾಕಿದ 2016ರ ವರದಿಯ ಪ್ರಕಾರ ಒಟ್ಟಾರೆ ಶೇ 15 ಮಂದಿಗೆ ಎರಡನೆಯ ಸಲ ಎಸಿಎಲ್ ಹರಿದಿತ್ತು. ಅದರಲ್ಲಿ ಅದೇ ಮಂಡಿಯ ಪಾಲು ಶೇ 7, ಇನ್ನೊಂದು, ಅಂದರೆ ಯಾರೂ ಚಾಕು ಮುಟ್ಟಿಸದ ಮಂಡಿಯ ಪಾಲು ಶೇ 8. ಇಪ್ಪತ್ತೈದು ವರ್ಷದೊಳಗಿದ್ದು ಆಟಕ್ಕೆ ಮರಳಿದವರಲ್ಲಿ ಈ ಪ್ರಮಾಣ ಶೇ 23, ಎಂದರೆ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ. ಆಸ್ಟ್ರೇಲಿಯದ ಸಿಡ್ನಿಯ ತಂಡವೊಂದು ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್ ಪಡೆದವರನ್ನು ಇಪ್ಪತ್ತು ವರ್ಷ ಬಿಡದೆ ಹಿಂಬಾಲಿಸಿತು: ವಯಸ್ಕರಲ್ಲಿ ಶೇ 86 ಮಂದಿಯ ಗ್ರಾಫ್ಟ್ ಹರಿಯದೆ ಉಳಿದಿದ್ದರೆ, ಹದಿನೆಂಟು ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ 61 ಮಾತ್ರ. ಕಣಕಾಲ ಮೂಳೆಯ ತಲೆ ಹಿಂದಕ್ಕೆ ಹೆಚ್ಚು ಇಳಿಜಾರಾಗಿದ್ದವರಲ್ಲಿ ಪರಿಣಾಮ ಇನ್ನೂ ಕೆಟ್ಟದಾಗಿತ್ತು. ಆ ಇಳಿಜಾರಿನಿಂದಾಗಿ ಪ್ರತಿ ಹೆಜ್ಜೆಯಲ್ಲೂ ಮೂಳೆ ಮುಂದಕ್ಕೆ ಜಾರಲು ನೋಡುತ್ತದೆ, ಗ್ರಾಫ್ಟ್ ಅದನ್ನು ತಡೆಯುತ್ತಲೇ ಇರಬೇಕಾಗುತ್ತದೆ.

ಮೃತ ದಾನಿಯಿಂದ ಪಡೆದ ರಜ್ಜುವನ್ನು ಎಳೆಯರಿಗೆ ಬಳಸುವುದನ್ನು ಈಗ ಬಹುತೇಕ ಶಸ್ತ್ರವೈದ್ಯರು ತಪ್ಪಿಸುತ್ತಾರೆ. ಮೂನ್ ಗುಂಪಿನ ಲೆಕ್ಕದಲ್ಲಿ, ಸ್ವಂತ ಮಂಡಿಚಿಪ್ಪಿನ ರಜ್ಜುವಿಗೆ ಹೋಲಿಸಿದರೆ ಅದು ಮತ್ತೆ ಹರಿಯುವ ಸಂಭವ ಐದು ಪಟ್ಟು ಹೆಚ್ಚಿತ್ತು. ಅಪಾಯ ಹೆಚ್ಚಿರುವ ಎಳೆಯರಿಗೆ ಮಂಡಿಯ ಹೊರಬದಿಯಲ್ಲೂ ಒಂದು ಪಟ್ಟಿಯನ್ನು ಬಿಗಿಯುವ ಹೆಚ್ಚುವರಿ ಕ್ರಮ ಈಗ ಬಳಕೆಗೆ ಬಂದಿದೆ. 618 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದರಿಂದ ಎರಡು ವರ್ಷದೊಳಗೆ ಗ್ರಾಫ್ಟ್ ಹರಿಯುವುದು ಶೇ 11ರಿಂದ ಶೇ 4ಕ್ಕೆ ಇಳಿದಿತ್ತು. ಎರಡನೆಯ ಸಲದ ಪುನರ್ನಿರ್ಮಾಣವೂ ಸಾಧ್ಯ, ಆದರೆ ಅದರ ಫಲ ಮೊದಲನೆಯದರಷ್ಟು ಸಿಗುವುದಿಲ್ಲ.

ಮಂಡಿ ಸವೆತ

ಆಪರೇಷನ್ ಮಾಡಿಸಿದರೆ ಮುಂದೆ ಮಂಡಿ ಸವೆಯುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಅನೇಕರು ಶಸ್ತ್ರಚಿಕಿತ್ಸೆಗೆ ಒಪ್ಪುವುದೇ ಈ ಕಾರಣಕ್ಕೆ. ದೀರ್ಘಾವಧಿಯ ದಾಖಲೆಗಳು ಇದನ್ನು ಸಮರ್ಥಿಸುವುದಿಲ್ಲ.

ಸ್ವೀಡನ್ನಿನಲ್ಲಿ ಎಸಿಎಲ್ ಹರಿದಿದ್ದ ಮಹಿಳಾ ಫುಟ್‌ಬಾಲ್ ಆಟಗಾರ್ತಿಯರನ್ನು ಗಾಯವಾದ ಹನ್ನೆರಡು ವರ್ಷಗಳ ನಂತರ ಪರೀಕ್ಷಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಆಗ ಅವರ ಸರಾಸರಿ ವಯಸ್ಸು 31. ಎಕ್ಸ್‌ರೇ ತೆಗೆಸಿಕೊಂಡವರಲ್ಲಿ ಅರ್ಧದಷ್ಟು ಮಂದಿಯ ಮಂಡಿ ಸವೆತದ ವ್ಯಾಖ್ಯೆಗೆ ಒಳಪಡುತ್ತಿತ್ತು. ಶಸ್ತ್ರಚಿಕಿತ್ಸೆ ಮಾಡಿಸಿದ್ದವರಿಗೂ ಮಾಡಿಸದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಮೂವತ್ತೊಂದನೆಯ ವಯಸ್ಸಿನಲ್ಲಿ ಅರವತ್ತು ದಾಟಿದವರ ಮಂಡಿ ಎಂದರೆ ಅತಿಶಯೋಕ್ತಿಯಲ್ಲ. ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿ ತಜ್ಞರು ಹೇಳುವ ಸ್ಥೂಲ ಲೆಕ್ಕವೆಂದರೆ, ಎಸಿಎಲ್ ಅಥವಾ ಕೀಲಿನ ಮೆತ್ತೆಯಾದ ಮೆನಿಸ್ಕಸ್‌ಗೆ ಪೆಟ್ಟಾದವರಲ್ಲಿ ಹತ್ತರಿಂದ ಇಪ್ಪತ್ತು ವರ್ಷಗಳೊಳಗೆ ಅರ್ಧದಷ್ಟು ಮಂದಿಯಲ್ಲಿ ಸವೆತ ಕಾಣಿಸಿಕೊಳ್ಳುತ್ತದೆ.

ಈ ಸರಾಸರಿಯ ಒಳಗೆ ಎರಡು ಬೇರೆಬೇರೆ ಕಥೆಗಳಿವೆ. ಮೆನಿಸ್ಕಸ್ ಎಂದರೆ ಎರಡು ಮೂಳೆಗಳ ನಡುವೆ ಭಾರ ಹಂಚುವ ಅರ್ಧಚಂದ್ರಾಕಾರದ ಮೆತ್ತೆ. ಎಸಿಎಲ್ ಹರಿಯುವಾಗ ಇದೂ ಹರಿಯುವುದು ತೀರಾ ಸಾಮಾನ್ಯ. ಪುನರ್ನಿರ್ಮಾಣವಾಗಿ ಹತ್ತು ವರ್ಷ ಕಳೆದವರ ಅಧ್ಯಯನಗಳನ್ನು ಸೇರಿಸಿದ 2013ರ ವಿಶ್ಲೇಷಣೆಯಲ್ಲಿ, ಮೆನಿಸ್ಕಸ್ ಉಳಿದಿದ್ದವರಲ್ಲಿ ಸವೆತದ ಪ್ರಮಾಣ ಸುಮಾರು ಶೇ 16; ಮೆನಿಸ್ಕಸ್ ಕತ್ತರಿಸಿ ತೆಗೆದಿದ್ದವರಲ್ಲಿ ಶೇ 50. ಎಸಿಎಲ್ ಬಗೆಗಿನ ಮಾತಿನಲ್ಲಿ ರಜ್ಜುವೇ ಎಲ್ಲರ ಗಮನ ಸೆಳೆಯುತ್ತದೆ, ಆದರೆ ಮಂಡಿಯ ನಾಳೆಯನ್ನು ಬರೆಯುವುದು ಬಹುಪಾಲು ಮೆನಿಸ್ಕಸ್. ಶಸ್ತ್ರಚಿಕಿತ್ಸೆಗೆ ಮುಂಚೆ ಯಾವ ಗ್ರಾಫ್ಟ್, ಯಾವ ಕಂಪನಿಯ ಸ್ಕ್ರೂ ಎಂದು ವಿಚಾರಿಸುವವರು 'ಮೆನಿಸ್ಕಸ್ ಹರಿದಿದ್ದರೆ ಹೊಲಿಯುತ್ತೀರಾ, ತೆಗೆಯುತ್ತೀರಾ' ಎಂದು ಕೇಳುವುದು ಹೆಚ್ಚು ಉಪಯುಕ್ತ. ಹೊಲಿದರೆ ಕೆಲವು ವಾರ ಹೆಚ್ಚು ಕಾಲ ಊರುಗೋಲು ಹಿಡಿಯಬೇಕಾದೀತು, ಕೆಲವೊಮ್ಮೆ ಹೊಲಿಗೆ ಬಿಟ್ಟು ಎರಡನೆಯ ಸಲ ಮೇಜು ಹತ್ತಬೇಕಾದೀತು. ಆದರೂ ಸಾಧ್ಯವಿದ್ದಲ್ಲಿ ಹೊಲಿಯುವುದೇ ಲೇಸು.

ರಜ್ಜು ಕಟ್ಟಿದ ಮೇಲೂ ಸವೆತ ಏಕೆ ನಿಲ್ಲುವುದಿಲ್ಲ? ಮಂಡಿ ತಿರುಚಿದ ಆ ಅರೆಕ್ಷಣದಲ್ಲಿ ಎರಡು ಮೂಳೆಗಳು ಒಂದಕ್ಕೊಂದು ಗುದ್ದಿಕೊಂಡಿರುತ್ತವೆ. ಎಂಆರ್‌ಐನಲ್ಲಿ ಮೂಳೆಯೊಳಗಿನ ಈ ಜಜ್ಜುಗಾಯ ಹೆಚ್ಚಿನವರಲ್ಲಿ ಕಾಣಸಿಗುತ್ತದೆ. ಆ ಹೊಡೆತಕ್ಕೆ ಮೇಲಿನ ಮೃದ್ವಸ್ಥಿಯ ಕೋಶಗಳು ಸಾಯುತ್ತವೆ, ಕೀಲಿನ ದ್ರವದಲ್ಲಿ ಉರಿಯೂತದ ರಾಸಾಯನಿಕಗಳು ತಿಂಗಳುಗಟ್ಟಲೆ ಉಳಿಯುತ್ತವೆ. ಇದ್ಯಾವುದನ್ನೂ ಶಸ್ತ್ರಚಿಕಿತ್ಸೆ ಹಿಂದಕ್ಕೆ ತಿರುಗಿಸಲಾರದು. ಹೊಸ ರಜ್ಜು ಮುಂದಕ್ಕೆ ಜಾರುವುದನ್ನು ತಡೆದರೂ, ಮೂಲ ಎಸಿಎಲ್‌ನ ಎರಡು ಕಟ್ಟುಗಳು ಕೊಡುತ್ತಿದ್ದ ಸೂಕ್ಷ್ಮ ತಿರುಗುವಿಕೆಯ ನಿಯಂತ್ರಣವನ್ನು ಪೂರ್ತಿ ಮರಳಿಸುವುದಿಲ್ಲ. ಕೂದಲೆಳೆಯಷ್ಟು ಬದಲಾದ ಜಾಗದಲ್ಲಿ ದಿನಕ್ಕೆ ಸಾವಿರಾರು ಹೆಜ್ಜೆಗಳ ಭಾರ ಬೀಳುತ್ತಲೇ ಇರುತ್ತದೆ. ತೊಡೆಯ ಮುಂಭಾಗದ ಸ್ನಾಯು ಸೊರಗಿದ್ದರೆ, ಮೈತೂಕ ಏರಿದರೆ, ಆ ಭಾರ ಇನ್ನೂ ಹೆಚ್ಚು.

ಸಮಾಧಾನದ ಸಂಗತಿಯೂ ಇದೆ. ಎಕ್ಸ್‌ರೇಯಲ್ಲಿ ಸವೆತ ಕಂಡವರೆಲ್ಲ ನೋವಿನಿಂದ ನರಳುವುದಿಲ್ಲ. ಎಷ್ಟೋ ಮಂದಿ ಚಿತ್ರದಲ್ಲಿ ಸವೆದ ಮಂಡಿಯಲ್ಲೇ ದಶಕಗಳ ಕಾಲ ಆರಾಮವಾಗಿ ನಡೆಯುತ್ತಾರೆ.

ಹಾಗಾದರೆ ಶಸ್ತ್ರಚಿಕಿತ್ಸೆ ಬೇಕೆ?

ಇದಕ್ಕೆ ಉತ್ತರ ಹುಡುಕಿದ ಮೊದಲ ದೊಡ್ಡ ಪ್ರಯೋಗ ಸ್ವೀಡನ್ನಿನದು. ಹದಿನೆಂಟರಿಂದ ಮೂವತ್ತೈದು ವಯಸ್ಸಿನ 121 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೇಗನೆ ಶಸ್ತ್ರಚಿಕಿತ್ಸೆ ಮತ್ತು ವ್ಯಾಯಾಮ, ಇನ್ನೊಂದಕ್ಕೆ ವ್ಯಾಯಾಮ ಮಾತ್ರ, ಮಂಡಿ ಕೈಕೊಟ್ಟರೆ ಆಮೇಲೆ ಶಸ್ತ್ರಚಿಕಿತ್ಸೆ ಎಂದು ಗೊತ್ತುಮಾಡಲಾಯಿತು. 2010ರಲ್ಲಿ ಎರಡು ವರ್ಷದ, 2013ರಲ್ಲಿ ಐದು ವರ್ಷದ ಫಲಿತಾಂಶ ಬಂದಾಗ ಎರಡೂ ಗುಂಪಿನವರ ನೋವು, ಓಡಾಟ, ಎಕ್ಸ್‌ರೇ ಯಾವುದರಲ್ಲೂ ಗಣನೀಯ ವ್ಯತ್ಯಾಸವಿರಲಿಲ್ಲ. ಆದರೆ ಎರಡನೆಯ ಗುಂಪಿನ 59 ಮಂದಿಯಲ್ಲಿ 30 ಮಂದಿ ಐದು ವರ್ಷದೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಇದನ್ನು ಶಸ್ತ್ರಚಿಕಿತ್ಸೆ ಬೇಡ ಎನ್ನುವವರೂ ಬೇಕು ಎನ್ನುವವರೂ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ: ಅರ್ಧ ಮಂದಿ ಚಾಕುವಿನಿಂದ ಪಾರಾದರು ಎಂದು ಒಬ್ಬರು, ಅರ್ಧ ಮಂದಿಗೆ ಕಡೆಗೂ ಬೇಕಾಯಿತು ಎಂದು ಇನ್ನೊಬ್ಬರು. ನೆದರ್‌ಲ್ಯಾಂಡ್ಸ್‌ನಲ್ಲಿ 167 ಮಂದಿಯ ಮೇಲೆ ನಡೆದ ಪ್ರಯೋಗದಲ್ಲೂ ಹೆಚ್ಚುಕಡಿಮೆ ಇದೇ ಅನುಪಾತ ಕಂಡಿತು.

ಬ್ರಿಟನ್ನಿನಲ್ಲಿ 316 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದ ಫಲ ಬೇರೆ. ಅಲ್ಲಿ ಆರಿಸಿಕೊಂಡದ್ದು ಹೊಸ ಗಾಯದವರನ್ನಲ್ಲ, ಹರಿದು ತಿಂಗಳುಗಳಾಗಿಯೂ ಮಂಡಿ ಕೈಕೊಡುತ್ತಿದ್ದವರನ್ನು. ಅವರಲ್ಲಿ ಶಸ್ತ್ರಚಿಕಿತ್ಸೆಯ ಗುಂಪು ಹದಿನೆಂಟು ತಿಂಗಳ ಬಳಿಕ ಮಂಡಿಯ ಸ್ಥಿತಿಯನ್ನು ಅಳೆಯುವ ಪ್ರಶ್ನಾವಳಿಯಲ್ಲಿ ನೂರಕ್ಕೆ 73 ಅಂಕ ಪಡೆದರೆ, ವ್ಯಾಯಾಮದ ಗುಂಪು 64.6 ಪಡೆಯಿತು. ಈ ಪ್ರಯೋಗಗಳನ್ನು ಒಟ್ಟಿಗೆ ಓದಿದರೆ ವಿರೋಧ ಕಾಣುವುದಿಲ್ಲ. ಹೊಸದಾಗಿ ಹರಿದಾಗ ಕೆಲವು ತಿಂಗಳು ಶ್ರದ್ಧೆಯಿಂದ ವ್ಯಾಯಾಮ ಮಾಡಿ ನೋಡಲು ಹೆಚ್ಚಿನವರಿಗೆ ಅವಕಾಶವಿದೆ. ಆಮೇಲೂ ಮಂಡಿ ಕೈಕೊಡುತ್ತಿದ್ದರೆ ಕಾಯುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಪ್ರತಿ ಸಲ ಮಂಡಿ ಜಾರಿದಾಗಲೂ ಮೆನಿಸ್ಕಸ್‌ಗೆ ಪೆಟ್ಟು ಬೀಳುತ್ತದೆ. ಮೆನಿಸ್ಕಸ್ ಹರಿದು ಕೀಲಿನಲ್ಲಿ ಸಿಕ್ಕಿಕೊಂಡಿದ್ದರೆ, ಅಥವಾ ಬೇರೆ ರಜ್ಜುಗಳೂ ಹರಿದಿದ್ದರೆ, ಈ ಕಾಯುವ ಮಾತೇ ಅನ್ವಯಿಸುವುದಿಲ್ಲ. ಇನ್ನೊಂದು ತುದಿಯಲ್ಲಿ, ಎಸಿಎಲ್ ಇಲ್ಲದೆಯೇ ನಿಭಾಯಿಸುವ ಅದೃಷ್ಟವಂತರೂ ಇದ್ದಾರೆ. ಬಾಲ್ಯದಲ್ಲಿ ಸೈಕಲ್ಲಿನಿಂದ ಬಿದ್ದು ಎಡಮಂಡಿಯ ಎಸಿಎಲ್ ಕಳೆದುಕೊಂಡಿದ್ದ ಅಮೆರಿಕದ ಹೈನ್ಸ್ ವಾರ್ಡ್ ಅದಿಲ್ಲದೆಯೇ ವೃತ್ತಿಪರ ಅಮೆರಿಕನ್ ಫುಟ್‌ಬಾಲಿನಲ್ಲಿ ಹದಿನಾಲ್ಕು ಋತು ಆಡಿದರು. ಅವರನ್ನು ಮಾದರಿಯಾಗಿ ಹಿಡಿಯುವುದೂ ಮಂಧಾನರ ಐದು ತಿಂಗಳನ್ನು ಮಾದರಿಯಾಗಿ ಹಿಡಿದಷ್ಟೇ ದುಡುಕಿನದು.

ಹರಿದ ಎಸಿಎಲ್ ತಾನಾಗಿ ಕೂಡುವುದೇ ಇಲ್ಲ ಎಂಬ ಹಳೆಯ ಮಾತೂ ಈಗ ಸಡಿಲವಾಗುತ್ತಿದೆ. ಸ್ವೀಡನ್ನಿನ ಅದೇ ಪ್ರಯೋಗದ ಎಂಆರ್‌ಐಗಳನ್ನು ಮತ್ತೆ ಪರಿಶೀಲಿಸಿದಾಗ, ವ್ಯಾಯಾಮವನ್ನಷ್ಟೇ ಮಾಡಿದ 30 ಮಂದಿಯಲ್ಲಿ 16 ಮಂದಿಯ ರಜ್ಜು ಎರಡು ವರ್ಷದಲ್ಲಿ ಕೂಡಿಕೊಂಡ ಲಕ್ಷಣ ತೋರಿಸಿತ್ತು. ಆಸ್ಟ್ರೇಲಿಯದಲ್ಲಿ 80 ಮಂದಿಯ ಮಂಡಿಯನ್ನು ನಾಲ್ಕು ವಾರ ತೊಂಬತ್ತು ಡಿಗ್ರಿ ಮಡಿಚಿ ಪಟ್ಟಿ ಬಿಗಿದು ಇಟ್ಟಾಗ, ಮೂರು ತಿಂಗಳ ಎಂಆರ್‌ಐಯಲ್ಲಿ ಶೇ 90 ಮಂದಿಯಲ್ಲಿ ಇಂಥ ಲಕ್ಷಣ ಕಂಡಿತು, ಆದರೆ ಮುಂದೆ ಶೇ 14 ಮಂದಿಗೆ ಮತ್ತೆ ಹರಿಯಿತು. ಬಾಸ್ಟನ್ನಿನ ಮಾರ್ಥಾ ಮರ್ರೆ ಅವರ ತಂಡ ಹರಿದ ತುದಿಗಳ ನಡುವೆ ರೋಗಿಯ ರಕ್ತವನ್ನು ಹಿಡಿದಿಡುವ ಸ್ಪಂಜಿನಂಥ ತುಂಡನ್ನು ಕೂರಿಸಿ ಹೊಲಿಯುವ ವಿಧಾನ ರೂಪಿಸಿತು. ಅದಕ್ಕೆ 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ನೂರು ಮಂದಿಯ ಪ್ರಯೋಗದಲ್ಲಿ ಎರಡು ವರ್ಷದ ಫಲ ಗ್ರಾಫ್ಟ್‌ಗೆ ಸರಿಸಾಟಿಯಾಗಿಯೇ ಇತ್ತು. ವೆಸ್ಟ್ ಪಾಯಿಂಟ್ ಕೆಡೆಟ್‌ಗಳದೂ ಎರಡು ವರ್ಷಕ್ಕೆ ಚೆನ್ನಾಗಿಯೇ ಇತ್ತು ಎಂಬುದನ್ನು ಮರೆಯದೆ ಇವನ್ನು ಗಮನಿಸುತ್ತಿರಬೇಕು.

ಹತ್ತಿಪ್ಪತ್ತು ವರ್ಷ ಕಳೆದವರಿಗೆ ಮಾಡಲು ಉಳಿದಿರುವುದು ಬಹುಪಾಲು ಮಂಡಿಯ ಹೊರಗಿನ ಕೆಲಸ: ತೊಡೆಯ ಬಲ ಕುಂದದಂತೆ ಸೈಕಲ್ ತುಳಿಯುವುದು, ಈಜುವುದು, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವಂಥ ವ್ಯಾಯಾಮವನ್ನು ಬಿಡದಿರುವುದು, ತೂಕ ಹಿಡಿತದಲ್ಲಿಡುವುದು. ನೆಲದ ಮೇಲೆ ಕೂರುವುದನ್ನು ಎಲ್ಲರೂ ಬಿಡಬೇಕಿಲ್ಲ. ಮಂಡಿ ಪೂರ್ತಿ ಮಡಚುತ್ತಿದ್ದು ನೋವಿಲ್ಲದಿದ್ದರೆ ಚಕ್ಕಂಬಟ್ಟಲು ಹಾಕಿ ಕೂರಬಹುದು, ಊತ ಬರುವಂತಾದರೆ ಕುರ್ಚಿಯೇ ಸರಿ. ಕೊನೆಗೆ ಮಂಡಿಯನ್ನೇ ಬದಲಿಸಬೇಕಾದೀತೆ ಎಂಬ ಭಯಕ್ಕೂ ಲೆಕ್ಕವಿದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಎಸಿಎಲ್ ಪುನರ್ನಿರ್ಮಾಣವಾದ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿಯ ದಾಖಲೆ ತೆಗೆದು ನೋಡಿದಾಗ, ಹದಿನೈದು ವರ್ಷಗಳಲ್ಲಿ ಶೇ 1.4 ಮಂದಿಗೆ ಮಂಡಿ ಬದಲಿಸಬೇಕಾಗಿ ಬಂದಿತ್ತು. ಸಾಮಾನ್ಯ ಜನರಲ್ಲಿ ಅದು ಶೇ 0.2. ಏಳು ಪಟ್ಟು ಎಂದರೆ ದಿಗಿಲಾಗುತ್ತದೆ, ನೂರರಲ್ಲಿ ಒಬ್ಬಿಬ್ಬರು ಎಂದರೆ ಆಗುವುದಿಲ್ಲ. ಎರಡೂ ಒಂದೇ ಅಂಕಿ. ಆ ಒಬ್ಬಿಬ್ಬರಲ್ಲಿ ಒಬ್ಬರಾದರೆ ಹಳೆಯ ಸ್ಕ್ರೂ, ಗುಂಡಿಗಳನ್ನು ತೆಗೆಯಬೇಕಾಗಿ ಬರಬಹುದಾದ್ದರಿಂದ, ಮೊದಲ ಶಸ್ತ್ರಚಿಕಿತ್ಸೆಯ ವರದಿ ಮತ್ತು ಎಕ್ಸ್‌ರೇಗಳನ್ನು ಎಷ್ಟು ವರ್ಷವಾದರೂ ಎಸೆಯದೆ ಇಟ್ಟುಕೊಳ್ಳಬೇಕು.